ಇಪ್ಪತ್ತಾರು ಗೂಟಗಳ ಸಾಹೇಬರು

ಅವರ ಬಲಗೈಯ ನಡುಬೆರಳ ತುದಿ ಸೂಜಿಯನ್ನು ಒತ್ತಿ ಒತ್ತಿ ಕಲ್ಲಿನಂತಾಗಿತ್ತು. ಕಂಪ್ಯೂಟರಿನ ಕೀಲಿಯನ್ನು ಆ ಬೆರಳಿನಿಂದಲೇ ಒತ್ತುತ್ತಿದ್ದುದರಿಂದ 'ಟಕ್' ಎಂಬ ಸದ್ದು ಪಕ್ಕದ ಕೋಣೆಗೂ ಕೇಳಿಸುತ್ತಿತ್ತು. ಗಂಗಾವತಿಯಲ್ಲಿ ತಂದೆಯ ಹೊಲಿಗೆ ಅಂಗಡಿಯಲ್ಲಿ ಬೆಳೆದ ಅವರು, ಕೊಪ್ಪಳದ ನಮ್ಮ ಶಾಲಾ ಸಂಸ್ಥೆಯ ಕಚೇರಿಯಲ್ಲಿ ಇಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದರು. ನಮಗೆಲ್ಲ ಅವರು ಸರ್ವರ್ ಸಾಹೇಬರು.

ಇಪ್ಪತ್ತು ವರ್ಷ ಕನ್ನಡ ಕಲಿಸಿ ಆ ಕಚೇರಿಯ ಪತ್ರವ್ಯವಹಾರಕ್ಕೆ ಬಂದ ನಾನು, ಇಮೇಲಿನಲ್ಲಿ ಬಂದ ಪ್ರತಿ ಪತ್ರಕ್ಕೂ ಒಂದು ಗುರುತುಪದವನ್ನು ಅಂಟಿಸುತ್ತಿದ್ದೆ: 'ಛಾವಣಿ-ಬೇವೂರು', 'ಬೆಂಚು-ಹಿಟ್ನಾಳ'. ಸಾಹೇಬರಿಗೆ ಕೇಳಬೇಕಾದ ಸಂಶಯಗಳಿಗೂ 'ಸಾಹೇಬರ-ಪ್ರಶ್ನೆ' ಎಂಬ ಪದವಿತ್ತು. ಕೆಲಸ ಮುಗಿದು ಪತ್ರಗಳು ಹೋದರೂ ಪದಗಳು ಉಳಿಯುತ್ತಿದ್ದವು. ಅವರು ನಗುತ್ತಿದ್ದರು: "ನಮ್ಮ ಅಂಗಡ್ಯಾಗ ಹಿಂಗ ಇತ್ರಿ ಅಕ್ಕೋರ. ಬಟ್ಟಿ ಒಯ್ದಾರ, ಗೂಟಕ್ಕ ಚೀಟಿ ಬಿಟ್ಟು ಹೋಗ್ಯಾರ."

ಕಚೇರಿಯವರೆಲ್ಲ ಬಳಸುವ ಇಮೇಲ್ ಅಂಚೆಪೆಟ್ಟಿಗೆಗೆ ಇಪ್ಪತ್ತಾರೇ ಗುರುತುಪದಗಳು, ಇಂಗ್ಲಿಷ್ ಅಕ್ಷರಕ್ಕೊಂದರಂತೆ, ಎಂದು ಅವರು ಮೊದಲೇ ಎಚ್ಚರಿಸಿದ್ದರು. ಕನ್ನಡ ವರ್ಣಮಾಲೆಯನ್ನು ಇಟ್ಟಿದ್ದರೆ ಈ ಕೊರತೆ ಬರುತ್ತಿರಲಿಲ್ಲವೆಂದು ನಾನು ವಾದಿಸಿದ್ದೆ. ನಾನು ಅಂಟಿಸಿದ ಪದಗಳನ್ನು ಎಣಿಸುವ ಗೋಜಿಗೆ ಮಾತ್ರ ಹೋಗಿರಲಿಲ್ಲ.

ಒಂದು ವರ್ಷ ತಳಕಲ್ಲಿನ ನಮ್ಮ ಶಾಲೆಯಿಂದ ಪತ್ರ ಬಂತು. ಕಣ್ಣು ಕಾಣದ ಹುಡುಗಿಯೊಬ್ಬಳು ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬೇಕು. ಅವಳು ಹೇಳಿದ್ದನ್ನು ಬರೆಯಲು ಸಹಾಯಕರನ್ನು ಕೋರಿ ಪರೀಕ್ಷಾ ಕಚೇರಿಗೆ ಅರ್ಜಿ ಸಲ್ಲಿಸಬೇಕು. ನಾನು 'ಬರಹ-ಸಹಾಯಕ' ಎಂಬ ಹೊಸ ಪದವನ್ನು ಅಂಟಿಸಿ ನಿಶ್ಚಿಂತಳಾದೆ. ನಮ್ಮ ಕಚೇರಿಯ ಪರೀಕ್ಷಾ ವಿಭಾಗದ ಗುಮಾಸ್ತರು ಗುರುತುಪದ ನೋಡಿಯೇ ಪತ್ರಗಳನ್ನು ಎತ್ತಿಕೊಳ್ಳುತ್ತಿದ್ದರು.

ಗಡುವಿಗೆ ಒಂದು ದಿನ ಉಳಿದಾಗ ತಳಕಲ್ಲಿನ ಮುಖ್ಯೋಪಾಧ್ಯಾಯರು ಫೋನ್ ಮಾಡಿದರು. ಹುಡುಗಿ ದಿನಾ ಬಂದು ಕೇಳುತ್ತಿದ್ದಳಂತೆ. ಗುಮಾಸ್ತರು ಅಂಥ ಪತ್ರವನ್ನೇ ನೋಡಿಲ್ಲವೆಂದರು. ನಾನು ಎಲ್ಲರೆದುರು ಅವರನ್ನು ಬೇಜವಾಬ್ದಾರಿಯವರೆಂದು ಜರೆದೆ.

ಸಾಹೇಬರು ಬಂದು ನನ್ನ ಪರದೆಯನ್ನೂ ಗುಮಾಸ್ತರ ಪರದೆಯನ್ನೂ ನೋಡಿದರು. ನನ್ನ ಪದ ನನ್ನ ಯಂತ್ರದಲ್ಲಷ್ಟೇ ಇತ್ತು. ಸರ್ವರಿನಲ್ಲಿ ಇಪ್ಪತ್ತಾರೂ ಭರ್ತಿಯಾಗಿ ಅದಕ್ಕೆ ಜಾಗವಿರಲಿಲ್ಲ. ಅವರು ಪತ್ರವನ್ನು ಅಚ್ಚು ಹಾಕಿ ಗುಮಾಸ್ತರ ಕೈಗಿತ್ತು ಪರೀಕ್ಷಾ ಕಚೇರಿಗೆ ಬಸ್ಸಿನಲ್ಲಿ ಕಳುಹಿಸಿದರು. ಅನಂತರ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು: "ಗೂಟ ಖಾಲಿ ಇರಲಿಲ್ರಿ, ಅಷ್ಟ. ಆದ್ರ ಬೈದಿದ್ದು ಎಲ್ಲಾರ ಮುಂದ, ಅಕ್ಕೋರ."

ಅರ್ಜಿ ಸಲ್ಲಿಸಿ ಗುಮಾಸ್ತರು ಮರಳಿದಾಗ ಎಲ್ಲರೆದುರೇ ಕ್ಷಮೆ ಕೇಳಿದೆ. ಅವರು ನಾಚಿ, ಚಹಾ ತರಿಸಿದರು.

ಬಳಕೆಯಲ್ಲಿಲ್ಲದ ಪದಗಳನ್ನೆಲ್ಲ ಒಮ್ಮೆಗೇ ಅಳಿಸಿಬಿಡಿ ಎಂದು ನಾನೆಂದರೆ ಸಾಹೇಬರು ಒಪ್ಪಲಿಲ್ಲ. ಒಂದು ಪದದಡಿ ಯಾವ ಪತ್ರವೂ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೂ, ಸಂಬಂಧಪಟ್ಟವರನ್ನು ಕೇಳಿಯೇ ಅಳಿಸಬೇಕೆಂಬುದು ಅವರ ನಿಯಮ; ತಂದೆಯ ಅಂಗಡಿಯಲ್ಲೂ ಗಿರಾಕಿಯನ್ನು ಕೇಳದೆ ಗೂಟದ ಚೀಟಿ ಕೀಳುತ್ತಿರಲಿಲ್ಲವಂತೆ. ಬೇವೂರಿಗೆ ಫೋನ್ ಮಾಡಿ, "ಛಾವಣಿ ಹಾಕಿ ಮುಗೀತೇನ್ರಿ?" ಎಂದರು. ಮುಖ್ಯೋಪಾಧ್ಯಾಯರು, "ಅದರ ಕೆಳಗ ಕುಂತ ಮಾತಾಡಾಕತ್ತೀನ್ರಿ" ಎಂದರಂತೆ. ಟಕ್! ಆ ಪದ ಹೋಯಿತು. ಹೀಗೆ ಹತ್ತೊಂಬತ್ತು ಪದಗಳಿಗೆ ಹತ್ತೊಂಬತ್ತು ವಿಚಾರಣೆಗಳು.

ಆ ಹುಡುಗಿ ಪರೀಕ್ಷೆ ಬರೆದಳು, ಪಾಸಾದಳು. ಅಂದಿನಿಂದ ತಿಂಗಳ ಮೊದಲ ಶನಿವಾರ ಗೂಟ ಖಾಲಿ ಮಾಡುವುದು ನಮ್ಮ ಕಚೇರಿಯ ಪದ್ಧತಿಯಾಯಿತು.

ಸಾಹೇಬರು ತೀರಿಕೊಂಡು ಎರಡು ವರ್ಷಗಳಾದವು. ಈಗಿನ ಸರ್ವರಿಗೆ ಇಪ್ಪತ್ತಾರರ ಮಿತಿಯಿಲ್ಲ. ಆದರೂ ನಾನು ಶನಿವಾರದ ಪದ್ಧತಿಯನ್ನು ಬಿಟ್ಟಿಲ್ಲ. ಪ್ರತಿಸಲವೂ ಒಂದು ಪದದ ಬಳಿ ಕೈ ನಿಲ್ಲುತ್ತದೆ: 'ಸಾಹೇಬರ-ಪ್ರಶ್ನೆ'. ಅದರಡಿ ಒಂದು ಪತ್ರವೂ ಇಲ್ಲ. ಸಂಬಂಧಪಟ್ಟವರನ್ನು ಕೇಳದೆ ಅಳಿಸಬಾರದೆಂಬುದು ಅವರದೇ ನಿಯಮ. ಕೇಳುವಂತಿಲ್ಲ, ಆದ್ದರಿಂದ ಅಳಿಸುವಂತೆಯೂ ಇಲ್ಲ.