ಪರದೆಯ ಮೇಲೆ ಅಂಕಿ ಕಾಣಿಸದ ಡಬ್ಬಿ

ಗ್ವೆಂಡಾ ಟಾಲ್‌ಹರ್ಸ್ಟ್ ಆಸ್ಟ್ರೇಲಿಯಾದ ಪೋರ್ಟ್ ಪಿರಿಯ ಶಾಲೆಯೊಂದರ ಟಕ್‌ಶಾಪಿನಲ್ಲಿ, ಅಂದರೆ ಮಕ್ಕಳ ಕ್ಯಾಂಟೀನಿನಲ್ಲಿ, ಹತ್ತೊಂಬತ್ತು ವರ್ಷದಿಂದ ಪೈ ಬಿಸಿ ಮಾಡುತ್ತಿದ್ದಾಳೆ. ವಯಸ್ಸು ಐವತ್ತೆಂಟು. ಶನಿವಾರ ಮಧ್ಯಾಹ್ನ ಎರಡಕ್ಕೆ ಅವಳು ಹೆಡ್‌ಫೋನ್ ಏರಿಸಿ, ಕಂಪ್ಯೂಟರಿನೊಳಗೆ ಬಂದೂಕು ಹಿಡಿದು, ನಾಲ್ವರ ತಂಡದ ಬೆನ್ನು ಕಾಯುತ್ತಾಳೆ. ನಗುವವರು ಇಲ್ಲೇ ನಕ್ಕು ಮುಗಿಸಿಕೊಳ್ಳಿ.

ಆ ಬೇಸಿಗೆ ಲೀಗ್ ನಡೆಯುತ್ತಿತ್ತು. ಸಾಲಾಗಿ ಎರಡು ಶನಿವಾರ ಅವಳ ಯಂತ್ರ ಆಟದ ಮಧ್ಯೆ ಆರಿಹೋಯಿತು. ನಿಧಾನವಾಗಲಿಲ್ಲ, ಚಿತ್ರ ತಡವರಿಸಲಿಲ್ಲ. ಯಾರೋ ತಂತಿ ಕಿತ್ತ ಹಾಗೆ ಪಟ್ಟನೆ ಕತ್ತಲು. ಎರಡು ಸಲವೂ ಅದೇ ಗಳಿಗೆಯಲ್ಲಿ: ಆಟದೊಳಗೆ ಹೊಗೆ ಎದ್ದು, ಎಲ್ಲರೂ ಒಟ್ಟಿಗೆ ಗುಂಡು ಹಾರಿಸಿದಾಗ. ಉಳಿದ ಮೂವರು ಸೋತರು.

"ಏನೇ ಟಕ್‌ಶಾಪ್, ಪೈ ಮತ್ತೆ ಸೀದೋಯ್ತಾ?" ಎಂದ ಡಾರ್ಸಿ ಕೆಲ್ಲಹರ್. ತಂಡದ ನಾಯಕ, ಪೋರ್ಟ್ ಆಗಸ್ಟಾದಲ್ಲಿ ಲಾರಿ ಮೆಕ್ಯಾನಿಕ್, ಇವಳ ಅರ್ಧ ವಯಸ್ಸೂ ಆಗಿಲ್ಲ. ಆಮೇಲೆ ದನಿ ಇಳಿಸಿದ. "ನೋಡು, ಬೇಜಾರ್ ಮಾಡ್ಕೋಬೇಡ. ಇನ್ನೊಂದ್ಸಲ ಆಟದ ಮಧ್ಯೆ ಮಾಯ ಆದ್ರೆ ನಿನ್ ಜಾಗಕ್ಕೆ ಬೇರೆಯವ್ರನ್ನ ತಗೋತೀನಿ. ಶನಿವಾರದೊಳಗೆ ಏನಾದ್ರೂ ಮಾಡು."

"ಹೊಸ ಕಂಪ್ಯೂಟರ್ ತಗೊಳ್ಳೋ ಶಕ್ತಿ ಇದ್ದಿದ್ರೆ ನಿಮ್ಮಂಥ ಕಪಿಗಳ ಜೊತೆ ಯಾಕೋ ಆಡ್ತಿದ್ದೆ?"

ಎಲ್ಲರೂ ನಕ್ಕರು. ಹೆಡ್‌ಫೋನ್ ತೆಗೆದ ಮೇಲೆ ಅವಳು ನಗಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳನ್ನು ಹೆಸರಿಟ್ಟು ಕರೆದು, ಬೈದು, ಕಾಯುವ ಜನ ಇವರೇ. ಪಕ್ಕದ ಮನೆಯವನಾದ ನನಗೆ ಅದು ಗೊತ್ತು.

ಕೈಯಲ್ಲಿದ್ದದ್ದು ನಾನೂರ ಮೂವತ್ತು ಡಾಲರ್. ಒಂದೇ ಒಂದು ಭಾಗ ಬದಲಿಸಬಹುದು. ಯಾವುದು?

ಪರದೆಯ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್, ಎಂದರು ಎಲ್ಲರೂ. ಅಂತರ್ಜಾಲದ ಪಂಡಿತರು ಹಾಗೆಂದರು. ಪುಕ್ಕಟೆ ಬಂದ ಎರಡು ಸಾವಿರ ಡಾಲರಿನ ಸಾಮಾನನ್ನು ಮೇಜಿನ ಮೇಲಿಟ್ಟುಕೊಂಡು "ಬಡವರ ಬಜೆಟ್" ಎಂದು ಹಲ್ಲು ಕಿರಿಯುವ ಜನ ಇವರು. ನಾಚಿಕೆಯಾದರೂ ಹೇಳುತ್ತೇನೆ, ನಾನೂ ಅದನ್ನೇ ಹೇಳಿದ್ದೆ. ಕೇಳಿದ್ದು ಮಾತ್ರ, ನೋಡಿದ್ದಲ್ಲ.

ಗ್ವೆಂಡಾ ನೋಡಿದಳು. ಆಟಗಾರರು ಮಾಡುವ ಹಾಗೆ ಒಳಗಿನ ಪ್ರತಿ ಭಾಗ ನೂರಕ್ಕೆ ಎಷ್ಟು ದುಡಿಯುತ್ತಿದೆ ಎಂಬ ಅಂಕಿಗಳು ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿಕೊಂಡು ಆಡಿದಳು. ಯಾರು ನೂರಕ್ಕೆ ಮುಟ್ಟಿ ಏದುಸಿರು ಬಿಡುತ್ತಾರೋ ಅವರನ್ನು ಬದಲಿಸಬೇಕು ಎನ್ನುವುದು ಲೆಕ್ಕ. ಕಾರ್ಡು ಎಪ್ಪತ್ತರಲ್ಲಿತ್ತು. ಪ್ರೊಸೆಸರ್ ಅರವತ್ತು. ಮೆಮೊರಿ ಅರ್ಧ ಖಾಲಿ. ಬಿಸಿಯೂ ಮಿತಿಯಲ್ಲೇ. ಯಾರಿಗೂ ಆಯಾಸವಿಲ್ಲ. ಅಷ್ಟರಲ್ಲಿ ಹೊಗೆ ಎದ್ದಿತು, ಗುಂಡು ಹಾರಿತು, ಕತ್ತಲು.

ಮಾರನೆಯ ಸಂಜೆ ಬೇಲಿಯಾಚೆಯಿಂದ ಕೇಳಿದಳು: "ನಮ್ಮ ಟಕ್‌ಶಾಪಲ್ಲಿ ಎರಡು ಓವನ್ನೂ ನೀರಿನ ಬಾಯ್ಲರೂ ಒಟ್ಟಿಗೆ ಹಾಕಿದ್ರೆ ಫ್ಯೂಸ್ ಹೋಗತ್ತೆ. ಅದಕ್ಕೆ ಯಾರಾದ್ರೂ ಹೊಸ ಓವನ್ ತರ್ತಾರಾ?"

"ಅಂದ್ರೆ?"

"ಒಳಗೆ ಎಲ್ಲರಿಗೂ ಕರೆಂಟ್ ಹಂಚೋ ಡಬ್ಬಿ ಒಂದಿದೆಯಲ್ಲ, ಪವರ್ ಸಪ್ಲೈ. ಅದಕ್ಕೆ ಒಂಬತ್ತು ವರ್ಷ ವಯಸ್ಸು. ಎಲ್ಲರೂ ಒಟ್ಟಿಗೆ ಜಾಸ್ತಿ ಕೇಳಿದಾಗ ಅದೇ ಕೈ ಕೊಡ್ತಿರ್ಬೇಕು. ಪರದೆ ಮೇಲೆ ಅದರ ಅಂಕಿ ಎಲ್ಲಿದೆ ತೋರ್ಸು ನೋಡೋಣ."

ಇರಲಿಲ್ಲ. ಎಲ್ಲ ಭಾಗಗಳೂ ತಮ್ಮ ದಣಿವನ್ನು ಹೇಳಿಕೊಳ್ಳುತ್ತವೆ, ಅವಕ್ಕೆಲ್ಲ ಉಣಿಸುವ ಡಬ್ಬಿ ಮಾತ್ರ ಬಾಯಿ ಬಿಡುವುದಿಲ್ಲ. ಬಾಯಿ ಬಿಡದವರನ್ನು ವಿಚಾರಿಸುವ ಅಭ್ಯಾಸ ನಮಗೆ ಮನುಷ್ಯರ ವಿಷಯದಲ್ಲೇ ಇಲ್ಲ.

ಊರಿನ ಕಂಪ್ಯೂಟರ್ ಅಂಗಡಿಯ ಕ್ರ್ಯಾಡಕ್, ಬಣ್ಣದ ದೀಪ ಮಿನುಗುವ ಕಾರ್ಡೊಂದನ್ನು ಮುಂದೆ ತಳ್ಳಿದ. "ನಾನೂರ ಇಪ್ಪತ್ತಕ್ಕೆ ಕೊಡ್ತೀನಿ. ನಿಮ್ಮ ಮೊಮ್ಮಗನಿಗೆ ತುಂಬಾ ಇಷ್ಟ ಆಗತ್ತೆ."

"ನಂಗೆ ಮೊಮ್ಮಗ ಇಲ್ಲ. ಪವರ್ ಸಪ್ಲೈ ಬೇಕು."

"ಅದನ್ನ ಯಾರಮ್ಮ ಮೊದ್ಲು ತಗೋತಾರೆ? ಹಾಕಿದ್ರೂ ಒಂದು ವ್ಯತ್ಯಾಸ ಕಾಣಲ್ಲ."

"ಕಾಣದಿದ್ರೆ ಸಾಕು ಕಣಪ್ಪ. ಆರಿಹೋಗೋದು ಕಂಡು ಕಂಡು ಸಾಕಾಗಿದೆ."

ನೂರ ಅರವತ್ತೈದು ಡಾಲರ್ ಹೋಯಿತು. ಅವಳ ಊಹೆ ತಪ್ಪಾಗಿದ್ದರೆ ಉಳಿದ ಹಣಕ್ಕೆ ಕಾರ್ಡೂ ಬರುವುದಿಲ್ಲ, ತಂಡದಲ್ಲಿ ಜಾಗವೂ ಉಳಿಯುವುದಿಲ್ಲ. ಸಾಮಾನು ಅಡಿಲೇಡಿನಿಂದ ಬಂದು ಅವಳ ಕೈ ಸೇರಿದ್ದು ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ, ವಾರಾಂತ್ಯಕ್ಕೆ ಅಂಗಡಿ ಮುಚ್ಚುವ ಹೊತ್ತಿಗೆ.

ಹೊರಗೆ ನಲವತ್ಮೂರು ಡಿಗ್ರಿ. ಅಡುಗೆಮನೆಯ ಮೇಜಿನ ಮೇಲೆ ಯಂತ್ರ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ನಾನು ಟಾರ್ಚ್ ಹಿಡಿದಿದ್ದೆ. ಹಳೆಯ ಡಬ್ಬಿ ಜಂಗು ಹಿಡಿದ ಸ್ಕ್ರೂ ಬಿಟ್ಟುಕೊಡಲಿಲ್ಲ. ಅದನ್ನು ಕಿತ್ತು ಹೊಸದನ್ನು ಕೂರಿಸುವಷ್ಟರಲ್ಲಿ ಒಂದೂ ಮುಕ್ಕಾಲು. ಹಳೆಯ ಡಬ್ಬಿಯಿಂದ ಕಳಚಿಕೊಂಡ ಕೇಬಲ್‌ಗಳು ಯಂತ್ರದೊಳಗೇ ಉಳಿದಿದ್ದವು, ಅವನ್ನು ಅವಳು ಹಿಂದೊಮ್ಮೆ ಬ್ರೆಡ್ ಪೊಟ್ಟಣದ ಕ್ಲಿಪ್ಪುಗಳಿಂದ ಅಚ್ಚುಕಟ್ಟಾಗಿ ಕಟ್ಟಿದ್ದಳು. ಅದೆಲ್ಲ ಬಿಚ್ಚಲು ಅರ್ಧ ಗಂಟೆಯಾದರೂ ಬೇಕು.

"ಬಿಚ್ಚಬೇಡ ಕಣೇ!" ಸ್ಪೀಕರಿಗೆ ಹಾಕಿಟ್ಟ ಫೋನಿನಲ್ಲಿ ಡಾರ್ಸಿ ಕೂಗಿದ. "ಕೇಬಲ್ ಅಲ್ಲೇ ಇರ್ಲಿ. ಅದರ ತುದಿ ಹೊಸ ಡಬ್ಬಿಗೆ ಚುಚ್ಚು. ಐದು ನಿಮಿಷದ ಕೆಲ್ಸ."

ಚುಚ್ಚಿದಳು. ಟಕ್ ಎಂದು ಹೊಂದಿಕೊಂಡಿತು. ಇನ್ನೊಂದು, ಅದೂ ಟಕ್. "ಸರಿಯಾಗಿ ಕೂತಿದೆ, ಹಾಕು," ಎಂದೆ ನಾನು. ಅವಳ ಬೆರಳು ಸ್ವಿಚ್ಚಿನ ಮೇಲೆ ಹೋಗಿ ನಿಂತಿತು.

"ಕನ್ನಡಕ ಕೊಡು. ಜೊತೆಗೆ ಬಂದ ಕಾಗದದ ಹಿಂದೆ ಏನ್ ಬರ್ದಿದೆ ಓದಿಲ್ಲ."

"ಟೈಮಿಲ್ಲ ಗ್ವೆಂಡಾ!" ಎಂದೆ.

ಆದರೆ ಅವಳು ಟಕ್‌ಶಾಪಿನವಳು. ಕಡಲೆಬೀಜ ಮೈಗೆ ಆಗದ ಮಕ್ಕಳಿಗೆ ಬಡಿಸುವವಳು. ಒಂದು ಸಲ ಪೊಟ್ಟಣ ಓದದೆ ಕೊಟ್ಟ ಬಿಸ್ಕತ್ತಿನಿಂದ ಒಬ್ಬ ಹುಡುಗಿಯ ತುಟಿ ಊದಿ ಆಂಬುಲೆನ್ಸ್ ಬಂದಿತ್ತು. ಅಂದಿನಿಂದ ಪೊಟ್ಟಣದ ಹಿಂಬದಿ ಓದದೆ ಅವಳು ಏನನ್ನೂ ಯಾರ ಕೈಗೂ ಕೊಟ್ಟಿದ್ದಿಲ್ಲ.

ಡಬ್ಬಿಯ ಜೊತೆ ಬಂದಿದ್ದ ಕಾಗದವನ್ನು ಬಿಡಿಸಿದಳು. ಮುಂದಿನ ಪುಟದ ತುಂಬ ಹೊಗಳಿಕೆ. ಕೊನೆಯ ಪುಟದ ತಳದಲ್ಲಿ ಇರುವೆ ಸಾಲಿನಂಥ ಅಕ್ಷರ: ಹಳೆಯ ಡಬ್ಬಿಯ ಕೇಬಲ್ ಬಳಸಬೇಡಿ, ತುದಿ ಹೊಂದಿದರೂ ಒಳಗಿನ ತಂತಿಗಳ ಕ್ರಮ ಬೇರೆ, ಬಿಡಿಭಾಗಗಳು ಸುಟ್ಟುಹೋಗಬಹುದು.

ಅವಳ ಇಡೀ ಯಂತ್ರವನ್ನು ನಾನೂ ಡಾರ್ಸಿಯೂ ಸೇರಿ ಐದು ನಿಮಿಷದಲ್ಲಿ ಸುಡಲು ಹೊರಟಿದ್ದೆವು. ಹೊಂದಬಾರದ ತುದಿ ಹೊಂದದಂತೆ ಮಾಡಲು ಬಾರದ ತಯಾರಕರು, ಬೆಂಕಿಯ ವಿಷಯವನ್ನು ಭೂತಗನ್ನಡಿಗೆ ಬಿಟ್ಟು ಕೈ ತೊಳೆದುಕೊಂಡಿದ್ದರು!

"ಡಾರ್ಸಿ, ಮೊದಲ್ನೇ ಸುತ್ತು ನೀವು ಮೂರೇ ಜನ ಆಡಿ. ಎರಡನೇದಕ್ಕೆ ಬರ್ತೀನಿ."

"ಬರದಿದ್ರೆ ನಿನ್ ಕಥೆ ಮುಗೀತು, ಟಕ್‌ಶಾಪ್."

"ಗೊತ್ತು."

ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚಿದಳು. ಹಳೆಯದನ್ನೆಲ್ಲ ಎಳೆದು, ಹೊಸ ಕೇಬಲ್‌ಗಳನ್ನು ಎರಡೂ ತುದಿ ನೋಡಿ ಹಾಕಿದಳು. ಬೆವರು ತೊಟ್ಟಿಕ್ಕದಂತೆ ಹಣೆಗೆ ಪಾತ್ರೆ ಒರೆಸುವ ಬಟ್ಟೆ ಕಟ್ಟಿಕೊಂಡಿದ್ದಳು. ಫೋನಿನಲ್ಲಿ ಬೈಗುಳ, ಕೂಗು. ಮೊದಲ ಸುತ್ತು ಸೋತಿದ್ದರು. ಎರಡು ಗಂಟೆ ಇಪ್ಪತ್ತಕ್ಕೆ ಸ್ವಿಚ್ ಒತ್ತಿದಳು. ಫ್ಯಾನ್ ತಿರುಗಿತು.

ಎರಡನೇ ಸುತ್ತು ಗೆದ್ದರು. ಮೂರನೆಯದರ ಕೊನೆಗೆ ಇವರ ಕಡೆ ಉಳಿದದ್ದು ಗ್ವೆಂಡಾ ಒಬ್ಬಳೇ, ಎದುರಿಗೆ ಇಬ್ಬರು. ಹೊಗೆ ಎದ್ದಿತು. ಎಲ್ಲ ಬಂದೂಕುಗಳೂ ಒಟ್ಟಿಗೆ ಸಿಡಿದವು. ಪ್ರತಿ ಸಲ ಕತ್ತಲಾಗುತ್ತಿದ್ದ ಗಳಿಗೆ ಅದು. ಫ್ಯಾನ್ ಭೋರೆಂದಿತು.

ಪರದೆ ಬೆಳಗುತ್ತಲೇ ಇತ್ತು. ಅವಳು ಒಬ್ಬನನ್ನು ಕೆಡವಿದಳು. ಇನ್ನೊಬ್ಬ ಅವಳನ್ನು ಕೆಡವಿದ. ಪಂದ್ಯ ಹೋಯಿತು.

"ಟಕ್‌ಶಾಪ್," ಎಂದ ಡಾರ್ಸಿ, "ಇದ್ದೀಯಾ?"

"ಇದ್ದೀನಿ ಕಣೋ. ಇವತ್ತು ಗುಂಡು ತಿಂದೇ ಸತ್ತೆ. ಕರೆಂಟ್ ಹೋಗಿ ಅಲ್ಲ."

ಅತ್ತ ಮೂವರೂ ಬಿದ್ದು ಬಿದ್ದು ನಕ್ಕರು. "ಮುಂದಿನ ಶನಿವಾರ ಎರಡಕ್ಕೆ," ಎಂದ ಡಾರ್ಸಿ. "ಮೊದಲ್ನೇ ಸುತ್ತಿಗೇ ಬಾ, ಮುದುಕಿ."

ಗ್ವೆಂಡಾ ಹೆಡ್‌ಫೋನ್ ತೆಗೆದು ಇಟ್ಟಳು. ಹಳೆಯ ಕೇಬಲ್‌ಗಳನ್ನು ಸುತ್ತಿ ಖಾಲಿ ಬ್ರೆಡ್ ಚೀಲದೊಳಗೆ ಹಾಕಿ, ಮೇಲೆ ದಪ್ಪ ಪೆನ್ನಿನಲ್ಲಿ ಬರೆದಳು: ಬಳಸಬೇಡಿ. ಕನ್ನಡಕವಿಲ್ಲದೆ ಬಾಗಿಲಿನಿಂದಲೇ ಓದಬಹುದಾದಷ್ಟು ದೊಡ್ಡ ಅಕ್ಷರ.