ಎಡಗಾಲು ಏಳಬೇಕು, ಬಲಗಾಲು ಇಳಿಯಬೇಕು

ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಕಾರು ಕಲಿತೆ. ಶೋಕಿಗೆ ಅಲ್ಲ. ನಾರಾಯಣಖೇಡದ ನಮ್ಮ ಮನೆಯಿಂದ ಕಂಗ್ಟಿ ಕಡೆಯ ಹೊಲಕ್ಕೆ ಎಳ್ಳಮಾಸಿಯ ದಿನ ಅಂಬಲಿ ಒಯ್ಯಬೇಕಿತ್ತು. ಅಂಬಲಿಯ ಜೊತೆಗೆ ಗಂಡನನ್ನೂ ಒಯ್ಯಬೇಕಿತ್ತು.

ಎಳ್ಳಮಾಸಿ ಅಂದರೆ ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿ ಕೂತು ಉಣ್ಣುವ ದಿನ. ಜೋಳದ ದಂಟಿನ ಪುಟ್ಟ ಗುಡಿಸಲು ಕಟ್ಟಿ, ಅದರೊಳಗೆ ಸುಣ್ಣ ಹಚ್ಚಿದ ಐದು ಕಲ್ಲಿಟ್ಟು ಪೂಜೆ ಮಾಡುತ್ತೇವೆ. ನೈವೇದ್ಯ ಆದಮೇಲೆ ಮನೆಯ ಯಜಮಾನ ಬುಟ್ಟಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಕಾಳು-ಸೊಪ್ಪು ಬೇಯಿಸಿದ ಭಜ್ಜಿ, ಕಡುಬನ್ನು ಬೆಳೆಯ ಮೇಲೆ ಚೆಲ್ಲುತ್ತ ಬದುವಿನ ಗುಂಟ ಹೊಲ ಸುತ್ತಬೇಕು. ಅದಕ್ಕೆ ಚರಗ ಅನ್ನುತ್ತೇವೆ. ಹೆಂಡತಿ ನೀರು ಚಿಮುಕಿಸುತ್ತ ಹಿಂದೆ ನಡೆಯುತ್ತಾಳೆ. ಮಾವ ತೀರಿಕೊಂಡಾಗಿನಿಂದ ಚರಗ ಚೆಲ್ಲಿದ್ದು ನನ್ನ ಗಂಡನೇ. ಹೋದ ವರ್ಷ ಮಾತ್ರ ಆಗಲಿಲ್ಲ. ಎಡಮಗ್ಗುಲಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರು. ಅವರ ದಾಯಾದಿಯೊಬ್ಬರು ಚೆಲ್ಲಿ ಬಂದು ಪ್ರಸಾದ ಕೊಟ್ಟರೆ, ಇವರು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಬಿಟ್ಟರು. ಆ ದಿನ ನನಗಾದ ಸಂಕಟ ನನಗೇ ಗೊತ್ತು. ಮುಂದಿನ ಸಲ ಇವರೇ ಚೆಲ್ಲಬೇಕು, ಇಲ್ಲದಿದ್ದರೆ ಈ ಮನುಷ್ಯ ಏಳುವುದಿಲ್ಲ ಎಂದು ಆಗಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ವ್ಯಾಯಾಮಕ್ಕೆಂದು ಜಹೀರಾಬಾದಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ಅಲ್ಲಿ ಕೈಕಾಲು ಆಡಿಸಲು ಕಲಿಸುವ ಡಾಕ್ಟರಮ್ಮ ಇದ್ದರು, ನನ್ನ ಮಗಳ ವಯಸ್ಸಿನವರು. ನಡೆಯುವಾಗ ಎಡಗಾಲಿನ ಜೊತೆ ಬಲಗೈ ಮುಂದೆ ಬರಬೇಕು, ಬಲಗಾಲಿನ ಜೊತೆ ಎಡಗೈ. ಹುಟ್ಟಿದ ಎಲ್ಲರೂ ಹೀಗೇ ನಡೆಯುವುದು, ಯಾರೂ ಕಲಿಸುವುದಿಲ್ಲ. ಇವರಿಗೆ ಮಾತ್ರ ಎಡಗಾಲು ಎತ್ತಿದರೆ ಎಡಗೈಯೇ ಮುಂದೆ ಬರುತ್ತಿತ್ತು. ಶಾಲೆಯ ಪರೇಡಿನಲ್ಲಿ ಒಂದನೇ ಇಯತ್ತೆಯ ಮಕ್ಕಳು ಹೀಗೇ ಮಾಡುತ್ತಿದ್ದವು. ನಾನು ತಡೆಯಲಾರದೆ ಅಂದೆ, "ಅಷ್ಟು ಸುಲಭದ್ದು ಬರಂಗಿಲ್ಲೇನ್ರಿ?"

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಅಮ್ಮಾ, ನೀವು ಕುರ್ಚಿ ಮ್ಯಾಲ ಕೂಡ್ರಿ. ಬಲಗಾಲು ಗಡಿಯಾರದ ಮುಳ್ಳಿನಂಗ ತಿರುಗಿಸ್ರಿ. ತಿರುಗಿಸ್ಕೋತ ಬಲಗೈಲೆ ಗಾಳ್ಯಾಗ ಆರರ ಅಂಕಿ ಬರೀರಿ."

ಸಾವಿರಾರು ಮಕ್ಕಳಿಗೆ ಅಂಕಿ ತಿದ್ದಿಸಿದ ಕೈ ನನ್ನದು. ಬರೆದೆ. ಬರೆದ ಕೂಡಲೇ ಕಾಲು ನನ್ನನ್ನು ಕೇಳದೆ ಉಲ್ಟಾ ತಿರುಗಿತು. ಮತ್ತೆ ಸರಿಮಾಡಿದೆ, ಮತ್ತೆ ಉಲ್ಟಾ. ಒಂದೇ ಮಗ್ಗುಲಿನ ಕೈಗೂ ಕಾಲಿಗೂ ಮಿದುಳಿನ ಒಂದೇ ಬದಿಯಿಂದ ಹುಕುಂ ಬರುತ್ತದೆ, ಎರಡಕ್ಕೂ ಬೇರೆ ಬೇರೆ ದಿಕ್ಕು ಹೇಳುವುದು ಅದಕ್ಕೆ ಬಲು ಕಷ್ಟ ಎಂದು ಡಾಕ್ಟರಮ್ಮ ತಿಳಿಸಿದರು. ನನ್ನ ಗಂಡ ಅರ್ಧ ಸೊಟ್ಟಗಾದ ತುಟಿಯಲ್ಲೇ ನಕ್ಕರು. ಲಕ್ವಾ ಹೊಡೆದ ಮೇಲೆ ಅವರು ನಕ್ಕದ್ದು ಅದೇ ಮೊದಲು. ನನ್ನ ಮಾನ ಹೋದರೂ ಹೋಗಲಿ ಅನ್ನಿಸಿತು.

ಇನ್ನೊಂದು ದಿನ ಅವರು ಮಫ್ಲರನ್ನು ದವಾಖಾನೆಯಲ್ಲೇ ಬಿಟ್ಟು ಬಂದರು. ನಾನು ಬೈಯತೊಡಗಿದೆ. ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು ಆಡಿದರೂ ಬೈಯಲು ನನಗೆ ಕನ್ನಡವೇ ಆಗಬೇಕು. ಮಫ್ಲರಿನಿಂದ ಶುರುವಾಗಿ ಅವರ ತಂಗಿಯ ಮದುವೆಯ ತನಕ ಹೋದೆ. ಬಸ್ ಸ್ಟ್ಯಾಂಡ್ ಮುಟ್ಟಿದಾಗ ಅವರು ನಿಂತು, "ನೋಡಿದಿ? ಸರಳ ನಡದು ಬಂದೆ," ಅಂದರು. ನಿಜ, ಕೈಕಾಲು ತಮ್ಮಷ್ಟಕ್ಕೆ ತಾವು ಹೊಂದಿಕೊಂಡು ಬಂದಿದ್ದವು. ನನ್ನ ಬಾಯಿಗೆ ಔಷಧದ ಗುಣ ಇದೆ ಎಂದು ಒಂದೆರಡು ದಿನ ಬೀಗಿ, ಆಮೇಲೆ ಮರೆತೆ.

ದೀಪಾವಳಿ ದಾಟುವ ಹೊತ್ತಿಗೆ ಕೋಲು ಹಿಡಿದು ಓಣಿ ಸುತ್ತುವಷ್ಟಾದರು. ಆದರೆ ಎಡಗಾಲು ಕ್ಲಚ್ಚಿಗೆ ಒದಗುತ್ತಿರಲಿಲ್ಲ. ಅವರು ಓಡಿಸುತ್ತಿದ್ದ ಕಾರು ಅಂಗಳದಲ್ಲಿ ಧೂಳು ತಿನ್ನುತ್ತ ನಿಂತಿತ್ತು. ಬಸ್ಸು ಕಂಗ್ಟಿಯ ತನಕ ಹೋಗುತ್ತದೆ, ಅಲ್ಲಿಂದ ಹೊಲಕ್ಕೆ ಬಂಡಿದಾರಿ. ಬಾಡಿಗೆ ಡ್ರೈವರನ್ನು ಕರೆಯೋಣ ಎಂದರೆ, "ಹಬ್ಬದ ದಿನ ಅವನಿಗೂ ಹೊಲ ಇರಂಗಿಲ್ಲೇನು?" ಅಂದರು. ನಾನೇ ಕಲಿಯುತ್ತೇನೆ ಅಂದೆ. "ನೀನು?" ಅಂದರು. ಆ ಒಂದು ಮಾತು ಸಾಕಾಯಿತು ನನಗೆ.

ಕಾರು ಕಲಿಸುವ ಉಸ್ತಾದರು ಮುಂಜಾನೆ ಮಾರ್ಕೆಟ್ ಯಾರ್ಡಿಗೆ ಕರೆದೊಯ್ಯುತ್ತಿದ್ದರು. ಹೊಸ ತೊಗರಿ ಇನ್ನೂ ಬಂದಿರಲಿಲ್ಲ, ಬಯಲು ಖಾಲಿ. ಎಡಗಾಲು ಮೆಲ್ಲಗೆ ಏಳಬೇಕು, ಅದೇ ಹೊತ್ತಿಗೆ ಬಲಗಾಲು ಮೆಲ್ಲಗೆ ಇಳಿಯಬೇಕು. ಕೇಳಲು ಎಷ್ಟು ಸಲೀಸು! ನನ್ನ ಕಾಲುಗಳಿಗೆ ಏಳುವುದಾದರೆ ಎರಡೂ ಏಳಬೇಕು, ಒತ್ತುವುದಾದರೆ ಎರಡೂ ಒತ್ತಬೇಕು. ತಪ್ಪಿ ಬೇರೆಯಾದರೆ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಗತಿ. ಕಾರು ಕಪ್ಪೆಯ ಹಾಗೆ ಕುಪ್ಪಳಿಸಿ ಬಂದ್ ಬೀಳುತ್ತಿತ್ತು. ನಾನು ರಸ್ತೆಯ ಮೇಲೆ, ಕಾರಿನ ಮೇಲೆ, ಚಪ್ಪಲಿಯ ಮೇಲೆ ತಪ್ಪು ಹೊರಿಸುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

"ಅಮ್ಮಾ, ಮಾತಾಡಬ್ಯಾಡ್ರಿ. ಕಾಲಿನ ಮ್ಯಾಲ ಧ್ಯಾನ ಇಡ್ರಿ. ಆಹಿಸ್ತಾ, ಮೆಲ್ಲಗ," ಅನ್ನುತ್ತಿದ್ದರು ಉಸ್ತಾದರು. ಜೀವಮಾನವೆಲ್ಲ ಮಕ್ಕಳಿಗೆ ಸುಮ್ಮನಿರಿ ಎಂದವಳು ಈಗ ಬಾಯಿ ಬಿಗಿದುಕೊಂಡು ಕೂತೆ. ಧ್ಯಾನ ಇಟ್ಟಷ್ಟೂ ಕಾಲು ಕೆಡುತ್ತಿತ್ತು. ಆದರೂ ಸಪಾಟು ನೆಲದಲ್ಲಿ ಹೇಗೋ ಪಾಸಾಗಿ ಲೈಸೆನ್ಸ್ ಸಿಕ್ಕಿತು. ಏರು ಬಂದರೆ ಮಾತ್ರ ನನ್ನ ಎದೆ ಡವಡವ ಅನ್ನುತ್ತಿತ್ತು.

ಒಂದು ಸಂಜೆ ರೊಟ್ಟಿ ಬಡಿಯುತ್ತ, ನನ್ನ ತವರೂರು ತಾಂಡೂರಿನಲ್ಲೇ ಇರುವ ಅಕ್ಕನ ಜೊತೆ ಫೋನಿನಲ್ಲಿ ಇದನ್ನೇ ತೋಡಿಕೊಳ್ಳುತ್ತಿದ್ದೆ. ಫೋನು ಡಬ್ಬಿಗೆ ಒರಗಿ ನಿಂತಿತ್ತು. ಗಂಡ ಅಡುಗೆಮನೆಯ ಬಾಗಿಲಲ್ಲಿ ಕೋಲು ಊರಿ ನೋಡುತ್ತಿದ್ದವರು ಕೇಳಿದರು, "ಬಲಗೈ ಬಡೀತದ, ಎಡಗೈ ತಿರುಗಸ್ತದ. ಎಡಗೈಗಿ ನೀ ಏನಂತ ಹೇಳ್ತಿ?"

ಏನು ಹೇಳುತ್ತೇನೆ? ನಾನು ಎಂದೂ ನೋಡಿರಲಿಲ್ಲ. ಈಗ ನೋಡಿದೆ. ನೋಡಿದ್ದೇ ತಡ, ಎಡಗೈ ತಿರುಗಿಸುವುದನ್ನು ಬಿಟ್ಟು ತಾನೂ ಬಡಿಯಿತು, ರೊಟ್ಟಿ ನಡುವೆ ಹರಿಯಿತು. ಇನ್ನೊಂದು ಮಾಡಿದೆ, ಅದೂ ಹರಿಯಿತು. "ತಾಂಡೂರಿನ ಮರ್ಯಾದಿ ಕಳದಿ ನೋಡು," ಎಂದು ಅಕ್ಕ ಫೋನಿನಲ್ಲಿ ಬಿದ್ದು ಬಿದ್ದು ನಕ್ಕಳು. ಅವಳಿಗೆ ಉತ್ತರ ಕೊಡುವ ಭರದಲ್ಲಿ ಮೂರನೆಯದು ದುಂಡಗೆ ಬಂತು. ಗಂಡ ರೊಟ್ಟಿಯನ್ನೊಮ್ಮೆ, ನನ್ನ ಬಾಯಿಯನ್ನೊಮ್ಮೆ ನೋಡಿ ಒಳಗೆ ಹೋದರು.

ಎಳ್ಳಮಾಸಿ ಬಂತು. ಮಣ್ಣಿನ ಗಡಿಗೆಯ ತುಂಬ ಅಂಬಲಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದೆ. ದೇವರಿಗೆ ಎಡೆಯಾಗುವ ತನಕ ಅದನ್ನು ಯಾರೂ ರುಚಿ ನೋಡುವಂತಿಲ್ಲ, ಮಾಡಿದವಳು ಕೂಡ. ಗಂಡ ಹೊಸ ಧೋತರ ಉಟ್ಟು ಪಕ್ಕದಲ್ಲಿ ಕೂತು, ಗಡಿಗೆಯನ್ನು ಎರಡು ಮೊಣಕಾಲುಗಳ ನಡುವೆ ಒತ್ತಿ ಹಿಡಿದರು. ಓಣಿಯ ತಿರುವಿನಲ್ಲೇ ಕಾರು ಒಮ್ಮೆ ಕುಪ್ಪಳಿಸಿತು. ಅಂಬಲಿ ಬಟ್ಟೆಯಿಂದ ಜಿನುಗಿ ಧೋತರದ ಮೇಲೆ ಬಿತ್ತು. ಅವರು ಅದನ್ನು ಕಾಣದವರ ಹಾಗೆ ಕಿಟಕಿಯ ಹೊರಗೆ ನೋಡಿದರು.

ಡಾಂಬರು ದಾರಿಯಲ್ಲಿ ಕಾರು ಚೆನ್ನಾಗಿ ಹೋಯಿತು. ಎರಡೂ ಕಡೆ ಬಿಳಿಜೋಳ, ಕಡಲೆ, ಒಣಗಲು ಬಂದ ತೊಗರಿ. ಬಂಡಿದಾರಿಗೆ ಇಳಿದ ಮೇಲೆ ಹಳ್ಳದ ಏರು ಬಂತು. ಏರಿನ ನಡುವೆ, ಜನ ತುಂಬಿದ ಟ್ರಾಕ್ಟರು ನಮ್ಮ ಮುಂದೆ ನಿಂತು ಆಮೇಲೆ ಹೋಯಿತು. ನಾನೂ ನಿಲ್ಲಿಸಬೇಕಾಯಿತು. ಮತ್ತೆ ಹೊರಡಿಸಿದೆ, ಬಂದ್ ಬಿತ್ತು. ಇನ್ನೊಮ್ಮೆ, ಮತ್ತೆ ಬಂದ್. ಕಾರು ಒಂದಿಷ್ಟು ಹಿಂದಕ್ಕೆ ಜಾರಿತು. ಬ್ರೇಕ್ ಒತ್ತಿ ಹಿಡಿದೆ. ಹೊಲ ಅಲ್ಲೇ ಕಾಣುತ್ತಿದೆ, ನಮ್ಮ ದಂಟಿನ ಗುಡಿಸಲೂ ಕಾಣುತ್ತಿದೆ. ಇಲ್ಲಿಂದ ಏರು ಹತ್ತಿ ನಡೆದರೆ ಇವರಿಗೆ ಆಮೇಲೆ ಚರಗಕ್ಕೆ ಕಾಲಲ್ಲಿ ಕಸುವು ಉಳಿಯುವುದಿಲ್ಲ. ನನಗೆ ಅಳು ಬಂತು.

ಆಗ ಅವರು ತಣ್ಣಗೆ ಅಂದರು, "ಈ ಸಲ ಅಂಬಲಿಗಿ ಮಜ್ಜಿಗಿ ಕಮ್ಮಿ ಬಿದ್ದದ. ತಾಂಡೂರಿನವ್ರ ಕೈಯಾಗ ಯಾವಾಗಲೂ ಹಿಂಗೇ."

"ಏನಂದ್ರಿ? ಮುಂಜಾನೆಯಿಂದ ನಿಂತು ಮಾಡೀನಿ! ನಿಮ್ಮವ್ವನ ಕೈಯಾಗಿನ ಅಂಬಲಿ ಕುಡದೀನಿ ನಾ, ನೀರಿಗಿ ಉಪ್ಪು ಹಾಕಿದಂಗ ಇರ್ತಿತ್ತು. ನಿಮ್ಮ ತಂಗಿ ಬಾಣಂತನಕ್ಕ ಬಂದಾಗ ಯಾರ ಅಂಬಲಿ ಕೇಳಿ ಕೇಳಿ ಕುಡದಾಳ, ನೆಪ್ಪ ಅದನ?"

ಅತ್ತೆಯವರ ಭಜ್ಜಿಯ ವಿಚಾರಕ್ಕೆ ಬರುವಷ್ಟರಲ್ಲಿ ಏರು ಮುಗಿದಿತ್ತು. ಕಾರು ಬೇವಿನ ಮರದ ಕೆಳಗೆ ಮೆಲ್ಲಗೆ ನಿಂತಿತು. ಈ ಸಲ ಗಡಿಗೆಯಿಂದ ಒಂದು ಹನಿಯೂ ಚೆಲ್ಲಿರಲಿಲ್ಲ. ನಾನು ಸಿಟ್ಟಿನಲ್ಲೇ ಬಾಗಿಲು ತೆರೆದು ಇಳಿದೆ.

ಪೂಜೆ ಆಯಿತು. ಗಡಿಗೆಯ ಬಟ್ಟೆ ಬಿಚ್ಚಿ ಐದು ಕಲ್ಲಿಗೂ ಅಂಬಲಿ ಎಡೆ ಇಟ್ಟೆ. ಇಡುವಾಗ ಕೈ ಹಾಗೆಯೇ ನಿಂತಿತು. ಈಗ ತಾನೇ ಬಿಚ್ಚಿದ ಗಡಿಗೆ ಇದು.

"ಬಟ್ಟಿ ಬಿಚ್ಚೇ ಇರಲಿಲ್ಲ. ಮಜ್ಜಿಗಿ ಕಮ್ಮಿ ಅದ ಅಂತ ನಿಮಗ ಹ್ಯಾಂಗ ಗೊತ್ತಾತು?"

"ಗೊತ್ತಿರಲಿಲ್ಲ."

"ಮತ್ತ ಯಾಕ ಅಂದ್ರಿ?"

"ಅನ್ನದಿದ್ರ ನೀ ಏರು ಏರತಿದ್ದೇನು?" ಸೊಟ್ಟ ತುಟಿ ನಕ್ಕಿತು. ಅವರು ಕೋಲನ್ನು ಗುಡಿಸಲಿಗೆ ಒರಗಿಸಿ, ಬುಟ್ಟಿಯನ್ನು ಎಡಗೈಗೆ ತೆಗೆದುಕೊಂಡರು. ಬದುವಿನ ಮೇಲೆ ಹೋಗಿ ನಿಂತರು. ಕಾಲು ಎತ್ತಲಿಲ್ಲ. ತಮ್ಮ ಪಾದಗಳನ್ನೇ ನೋಡುತ್ತ ನಿಂತಿದ್ದರು. ಬುಟ್ಟಿ ಸಣ್ಣಗೆ ಅಲುಗುತ್ತಿತ್ತು. ನಾನು ಹಿಂದೆ ಬಂದು ನಿಂತೆ.

"ಸುಮ್ಮ ಯಾಕ ನಿಂತಿ?" ಎಂದರು, ತಿರುಗಿ ನೋಡದೆ. "ಈಗ ನಂದು ಪಾಳಿ. ಬೈಕೋತ ಬಾ."

ನೀರಿನ ತಂಬಿಗೆ ಹಿಡಿದು, ದವಾಖಾನೆಯಲ್ಲಿ ಬಿಟ್ಟು ಬಂದ ಮಫ್ಲರಿನಿಂದ ಶುರುಮಾಡಿದೆ.