ಸನ್ಮತಿ ಸರ್ ಉಟ್ಟ ಸೀರೆ

ನಮ್ಮ ಸನ್ಮತಿ ಸರ್ ಒಮ್ಮೆ ಸೀರೆ ಉಟ್ಟಿದ್ದರು ಎಂದರೆ ಜನ ಈಗಲೂ ನಗುತ್ತಾರೆ. ನಗಲಿ ಬಿಡಿ. ಅದು ನಮ್ಮವ್ವನ ಸೀರೆ, ಯಾಕೆ ಉಟ್ಟರೆಂದು ನನಗೆ ಗೊತ್ತು.

ಆಗ ೨೦೦೩. ಗೋಕಾಕದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೆ. ‘ಹುಡುಗಿಗೆ ಯಾಕ ಬೇಕು ಮಷೀನು’ ಎಂದವರಿಗೆಲ್ಲ ಉತ್ತರ ಕೊಟ್ಟು ಕೊಟ್ಟು ನನ್ನ ಬಾಯಿ ಜೋರಾಗಿತ್ತು. ಅಪಾಯವಿಲ್ಲದ ಯಂತ್ರ ಹೇಗೆ ರೂಪಿಸಬೇಕೆಂದು ಕಲಿಸುತ್ತಿದ್ದವರು ಸನ್ಮತಿ ಸರ್. ತಮ್ಮ ಪಾಠವನ್ನೆಲ್ಲ ಸಿ.ಡಿ.ಗೆ ಹಾಕಿಸಿ ಕಂಪ್ಯೂಟರ್ ಕೋಣೆಯಲ್ಲಿ ಇಟ್ಟಿದ್ದರು. ಪುರುಸೊತ್ತಾದಾಗ ಅದನ್ನು ನೋಡಿಕೊಂಡು ಬರಬೇಕು. ತರಗತಿಯ ಹೊತ್ತೆಲ್ಲ ವರ್ಕ್‌ಶಾಪಿನಲ್ಲಿ, ಕೈಗೆ ಎಣ್ಣೆ ಮೆತ್ತಿಕೊಂಡು. ‘ಪಾಠ ಹೇಳೂದು ಬಿಟ್ಟು ಟಿವಿ ಹಚ್ಯಾರ’ ಎಂದು ಉಳಿದ ಮಾಸ್ತರರು ಆಡಿಕೊಳ್ಳುತ್ತಿದ್ದರು. ಸರ್ ತಲೆ ಕೆಡಿಸಿಕೊಳ್ಳಲಿಲ್ಲ. ಅವರ ಪರೀಕ್ಷೆಯೇ ಬೇರೆ: ಮಾಡಿದ ಯಂತ್ರವನ್ನು ಮೊದಲು ನಿಮ್ಮವ್ವನ ಕೈಗೆ ಕೊಡಬೇಕು.

ನಾನೂ ಸಹಪಾಠಿ ವಿಠ್ಠಲನೂ ಸೇರಿ ಮೇವು ಕತ್ತರಿಸುವ ಯಂತ್ರ ಮಾಡಿದೆವು. ಮಮದಾಪುರದ ನಮ್ಮ ಮನೆಯಲ್ಲಿ ಎಮ್ಮೆಗಳ ಮೇವು ನೋಡುವವಳು ನಮ್ಮವ್ವ ಉದ್ದವ್ವ. ನಮ್ಮ ಓಣಿಯ ಕರೆವ್ವನ ಬೆರಳು ಇಂಥದೇ ಯಂತ್ರಕ್ಕೆ ಹೋಗಿತ್ತು. ಅದಕ್ಕೇ ಅಲಗಿಗೆ ಕೈ ತಾಗದಂತೆ ಗಟ್ಟಿ ತಗಡಿನ ಮುಚ್ಚಳ ಕೂರಿಸಿ, ಖಾಕಿ ಅಂಗಿ-ಪ್ಯಾಂಟು ತೊಟ್ಟು ಬೇಕಾದಷ್ಟು ಸಲ ಓಡಿಸಿ ನೋಡಿದ್ದೆವು.

ಟೆಂಪೋದಲ್ಲಿ ಯಂತ್ರ ಊರಿಗೆ ಬಂತು, ಜೊತೆಗೆ ಸರ್ ಕೂಡ. ಅವರು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅವ್ವ ಉಳ್ಳಾಗಡ್ಡಿ ಹಾಕದೆ ಪಲ್ಯ ಮಾಡಿ, ರೊಟ್ಟಿ ಬಡಿದಿಟ್ಟಿದ್ದಳು. “ಲಗೂ ಮುಗಸೂಣ್ರಿ, ರೊಟ್ಟಿ ಆರತಾವು” ಎನ್ನುತ್ತ ಯಂತ್ರದ ಹತ್ತಿರ ಬಂದಳು.

“ತಡೀರಿ ಅವ್ವಾರ” ಎಂದರು ಸರ್. “ನಿಮ್ಮದೊಂದು ಹಳೇ ಸೀರಿ ಕೊಡ್ರಿ. ಮೊದಲ ನಾ ನೋಡ್ತೇನಿ.”

ಪ್ಯಾಂಟಿನ ಮೇಲೆಯೇ ಸುತ್ತಿಕೊಂಡು ತಲೆ ತುಂಬ ಸೆರಗು ಹೊದ್ದರು. ಓಣಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನಗೆ ಸಿಟ್ಟು ನೆತ್ತಿಗೇರಿತು, ನಮ್ಮ ಮಾನ ಹೋಯಿತಲ್ಲ ಎಂದು. ಸರ್ ಕರೆಂಟ್ ತೆಗೆಸಿದರು. ಗಾಲಿಯನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಲು ವಿಠ್ಠಲನಿಗೆ ಹೇಳಿ, ಅವ್ವನ ಹಾಗೆಯೇ ಮೇವಿನ ಸಿವುಡು ಎತ್ತಲು ಬಗ್ಗಿದರು. ಸೆರಗು ಜಾರಿತು. ಮೋಟಾರಿನ ಬೆಲ್ಟು ಅದನ್ನು ಕಚ್ಚಿ ಎಳೆಯಿತು, ಸರ್ ಅವರ ಕತ್ತು ಯಂತ್ರದತ್ತ ವಾಲಿತು. ವಿಠ್ಠಲ ಗಾಲಿ ಬಿಟ್ಟುಬಿಟ್ಟ. ಅಲಗು ಮುಚ್ಚಿದ್ದ ನಾವು ಬೆಲ್ಟನ್ನು ಬಯಲಿಗೇ ಬಿಟ್ಟಿದ್ದೆವು. ಓಣಿಯಲ್ಲಿ ಈಗ ಯಾರೂ ನಗುತ್ತಿರಲಿಲ್ಲ.

“ಮೋಟಾರ್ ಚಾಲೂ ಇದ್ದಿದ್ರ...” ಎಂದು ವಿಠ್ಠಲ ಅಲ್ಲಿಗೇ ನಿಲ್ಲಿಸಿದ. ನಾನು ತಲೆ ಮೇಲೆ ಸೆರಗು ಹೊದ್ದು ನಿಂತಿದ್ದ ಅವ್ವನನ್ನು ನೋಡಿದೆ.

ಸರ್ ಬೈಯಲಿಲ್ಲ. “ಆಮ್ರಪಾಲಿ, ತಗಡು ತಗೊಂಬಾ” ಎಂದು ನನಗೆ ಹೇಳಿದರಷ್ಟೆ.

ಬೆಲ್ಟಿಗೂ ಪೂರ್ತಿ ಮುಚ್ಚಳ ಕೂರಿಸಿ, ಮತ್ತೆ ಮತ್ತೆ ಸೆರಗು ಚೆಲ್ಲಿ ನೋಡಿ, ಕೊನೆಗೆ ಕರೆಂಟ್ ಕೊಟ್ಟು ಅವ್ವನ ಕೈಗೆ ಯಂತ್ರ ಒಪ್ಪಿಸುವಷ್ಟರಲ್ಲಿ ಹೊತ್ತು ಮುಳುಗಿತ್ತು. ಅವ್ವ ರೊಟ್ಟಿ ಬುಟ್ಟಿಯ ಮುಂದೆ ನಿಂತು ಕಣ್ಣೊರೆಸಿಕೊಂಡಳು.

“ನನ್ನ ಸಲುವಾಗಿ ಉಪಾಸ ಬಿದ್ರಲ್ರಿ ಮಾಸ್ತರ.”

“ಇನ್ನೊಂದು ದಿನಾ ಬಂದು ಉಣ್ತೇನ್ರಿ” ಎಂದರು ಸರ್. “ರೊಟ್ಟಿ ಬಡಿಯೋ ಕೈ ಅದಾವಲ್ಲ.”

ಮುಂದಿನ ವಾರ ಬಿಸಿಲಿರುವಾಗಲೇ ಬಂದು ಹೊಟ್ಟೆ ತುಂಬ ಉಂಡರು. ಅವ್ವ ಇವತ್ತಿಗೂ ತಲೆ ಮೇಲೆ ಸೆರಗು ಹೊದ್ದೇ ಆ ಯಂತ್ರದಲ್ಲಿ ಮೇವು ಕತ್ತರಿಸುತ್ತಾಳೆ. ಅಡುಗೆಮನೆಯಿಂದ ಅವಳು ರೊಟ್ಟಿ ಬಡಿಯುವ ಸದ್ದು ಬಂದಾಗಲೆಲ್ಲ ನಾನು ಮನಸ್ಸಿನಲ್ಲೇ ಸರ್‌ಗೆ ಕೈ ಮುಗಿಯುತ್ತೇನೆ.